ರಾಯಭಾರಿ ಮನೆತನದವರ ನೆರವು

೧೯೯೬ರ ಮಾತು. ನಂಜನಗೂಡಿನ ನನಗೂ ಟಿ. ನರಸೀಪುರದ ಪಾರ್ವತಿಗೂ ಮದುವೆ ಗೊತ್ತಾಗಿ, ಎಲ್ಲ ಸುಸೂತ್ರವಾಗಿದೆ ಎಂದುಕೊಳ್ಳುವಷ್ಟರಲ್ಲಿ ಒಂದು ಬಿಕ್ಕಟ್ಟು ತಲೆದೋರಿತು. ನನ್ನ ತಾಯಿಯ ಹೆಸರೂ ಪಾರ್ವತಿ. ಹೆತ್ತ ತಾಯಿಯ ಹೆಸರು ಹಿಡಿದು ಮಗ ಹೆಂಡತಿಯನ್ನು ಕೂಗುವುದು ನಮ್ಮಲ್ಲಿ ಸಲ್ಲದು. ಆದ್ದರಿಂದ ಮದುವೆಯ ದಿನ ಸೊಸೆಗೆ ಸರ್ವಮಂಗಳ ಎಂದು ಹೆಸರಿಡತಕ್ಕದ್ದೆಂದು ನಮ್ಮ ತಂದೆ ಹೇಳಿ ಕಳಿಸಿದರು.

ಭಾವೀ ಮಾವ ಮಾದಪ್ಪನವರಿಂದ ಮರುದಿನವೇ ಉತ್ತರ ಬಂತು: "ಪಾರ್ವತಿ ಅನ್ನೋದು ನಮ್ಮವ್ವನ ಎಸ್ರು ಕಣ್ರೀ. ಎಸ್ರು ಬದ್ಲಾಗೋದಾದ್ರೆ ಗಂಡೂ ಬದ್ಲಾಗ್ಲಿ."

ಆ ಗಂಡು ನಾನು.

ಆಗ ನಮ್ಮ ಮಹಡಿ ಕೋಣೆಯಲ್ಲಿ ಸ್ಪೇನ್ ದೇಶದ ತೋಮಾಸ್ ಎಂಬವರು ಬಾಡಿಗೆಗಿದ್ದರು. ನಮ್ಮೂರ ರಸಬಾಳೆಯನ್ನು ಅಭ್ಯಾಸ ಮಾಡಲು ಅಷ್ಟು ದೂರದಿಂದ ಬಂದಿದ್ದ ಪುಣ್ಯಾತ್ಮ. ಅವರ ಮನೆತನದ ಹೆಸರು ಎಂಬಾಹದೋರ್. ಹಾಗೆಂದರೇನೆಂದು ಒಂದು ಸಂಜೆ ಅಪ್ಪ ಕೇಳಿದರು. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದ ನಾನೇ ದುಭಾಷಿ.

"ರಾಯಭಾರಿ ಅಂತಂತೆ," ಎಂದೆ.

ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಹಂಗಾದ್ರೆ ನರಸೀಪುರಕ್ಕೆ ಇವ್ರೇ ಹೋಗ್ಲಿ."

ತೋಮಾಸ್ ಗಾಬರಿಯಾದರು. ತಮ್ಮ ವಂಶದಲ್ಲಿ ಯಾರೂ ರಾಯಭಾರಿಯಾಗಿಲ್ಲ, ತಾತ ಗಡಿಯಾರ ರಿಪೇರಿ ಮಾಡುತ್ತಿದ್ದರು, ಈ ಹೆಸರು ಹೇಗೆ ಅಂಟಿಕೊಂಡಿತೋ ಯಾರಿಗೂ ತಿಳಿಯದು ಎಂದರು.

ಅಪ್ಪ ಒಪ್ಪಲಿಲ್ಲ. "ನಮ್ಮ ಪಟೇಲ್ರ ಮನೇಲಿ ಈಗ ಪಟೇಲಿಕೆ ಐತಾ? ಸರ್ಕಾರ ಕಿತ್ತಾಕಿ ಎಷ್ಟೋ ಕಾಲ ಆಯ್ತು. ಆದ್ರೂ ನ್ಯಾಯ ಅಂದ್ರೆ ಅವ್ರನ್ನೇ ಕರೀತೀವಿ. ಮನೆತನಕ್ಕೆ ಹೆಸ್ರು ಬಂದ್ಮೇಲೆ ಕೆಲ್ಸ ತಪ್ಪಿಸ್ಕೊಳ್ಳಕಾಗಲ್ಲ ಅಂತ ಹೇಳ್ಲಾ!"

ಹೇಳಿದೆ. ಪಾಪ, ತೋಮಾಸ್ ಬಸ್ಸು ಎಷ್ಟು ಹೊತ್ತಿಗೆಂದು ಕೇಳಿದರು.

ಭಾನುವಾರ ರಾಯಭಾರಿಗಳು, ದುಭಾಷಿ ಮತ್ತು ವಿವಾದಕ್ಕೆ ಸಿಕ್ಕ ಗಂಡು, ಮೂವರೂ ಬಸ್ಸು ಹತ್ತಿದೆವು. ಕೊನೆಯ ಇಬ್ಬರಿಗೆ ಒಂದೇ ಟಿಕೆಟ್ ಸಾಕಾಯಿತು.

ಮಾದಪ್ಪನವರ ಮನೆಯಲ್ಲಿ ಉಪ್ಪಿಟ್ಟು ತಿಂದು ತೋಮಾಸ್ ಮಾತು ಶುರುಮಾಡಿದರು. ಅವರ ದೇಶದಲ್ಲಿ ಮದುವೆಯಾದ ಹೆಣ್ಣು ಹೆಸರು ಬದಲಾಯಿಸುವುದೇ ಇಲ್ಲವಂತೆ. ಹುಟ್ಟಿದ ಮಕ್ಕಳಿಗೆ ಅಪ್ಪನ ಮನೆತನದ ಹೆಸರೂ, ಅದರ ಹಿಂದೆ ಅಮ್ಮನ ಮನೆತನದ್ದೂ ಸೇರುತ್ತದಂತೆ. ದುಭಾಷಿಯ ಧರ್ಮಕ್ಕೆ ಕಟ್ಟುಬಿದ್ದು ಅಷ್ಟನ್ನೂ ನಾನೇ ಕನ್ನಡಕ್ಕೆ ತಂದೆ.

ಮಾದಪ್ಪನವರು ತೊಡೆ ತಟ್ಟಿದರು. "ಕೇಳುದ್ಯೇನಮ್ಮಿ! ಇವ್ರು ನಮ್ಮ ಕಡೆಯೋರು! ಇನ್ನೊಂಚೂರು ಉಪ್ಪಿಟ್ಟಾಕು ಇವ್ರಿಗೆ!" ಎಂದು ಹೆಂಡತಿಗೆ ಹೇಳಿದರು. ನನ್ನ ತಟ್ಟೆಯನ್ನು ಯಾರೂ ನೋಡಲಿಲ್ಲ. ರಾಯಭಾರಿಗಳು ಪಕ್ಷಾಂತರ ಮಾಡಿದ್ದರು. ನನ್ನ ಮದುವೆ ಅಲ್ಲಿಗೆ ಮುಗಿಯಿತೆಂದುಕೊಂಡೆ.

ಆಗ ತೋಮಾಸ್ ಮುಗ್ಧವಾಗಿ ನನ್ನನ್ನೇ ಕೇಳಿದರು: "ಅದಿರಲಿ, ನಿಮ್ಮ ತಂದೆ ನಿಮ್ಮ ತಾಯಿಯನ್ನು ಏನೆಂದು ಕೂಗುತ್ತಾರೆ?"

ಅದನ್ನೂ ಕನ್ನಡದಲ್ಲಿ ಹೇಳಿ ಯೋಚಿಸಿದೆ. 'ಏಯ್', 'ಇವ್ಳೇ', ಸಿಟ್ಟು ಬಂದರೆ 'ಎಲ್ಲೋದ್ಯೇ'. ಅಪ್ಪ ಪಾರ್ವತಿ ಎಂದು ಕೂಗಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಇದ್ದದ್ದನ್ನು ಹಾಗೇ ಹೇಳಿಬಿಟ್ಟೆ. ಮಾದಪ್ಪನವರು ತಮ್ಮ ಸರದಿ ಬರಬಾರದೆಂದು ಸೂರು ನೋಡತೊಡಗಿದರು. ಅವರ ಹೆಂಡತಿ ಸೆರಗು ಬಾಯಿಗಿಟ್ಟು ನಕ್ಕರು.

ಬಾಗಿಲ ಹಿಂದಿನಿಂದ ಪಾರ್ವತಿಯ ದನಿ ಬಂತು. "ಯಾರೂ ಕರೀದೇ ಇರೋ ಹೆಸ್ರು ಬದ್ಲಾಯ್ಸಕೆ ಇಷ್ಟು ರಂಪ ಯಾಕಂತೆ, ಅವ್ರಪ್ಪನ್ನ ಕೇಳಿ ಸಾ."

ಊರಿಗೆ ಬಂದು ವರದಿ ಒಪ್ಪಿಸಿದೆ. ಅಪ್ಪ ಕೆರಳಿದರು. "ಯಾಕೆ, ನಾನು ಹೆಸ್ರಿಡ್ದು ಕರಿಯಲ್ವಾ?"

ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ಎದುರು ನಿಂತರು. "ಕರೀರಿ, ನೋಡಾನ."

ಅಪ್ಪ ಬಾಯಿ ತೆರೆದರು. "ಪಾ..." ಎಂದರು. ಕೆಮ್ಮು ಬಂತು. ಚಪ್ಪಲಿ ಮೆಟ್ಟಿಕೊಂಡು ಅಂಗಡಿಯ ಕಡೆ ಹೊರಟೇಬಿಟ್ಟರು. ಬೀದಿಯಿಂದಲೇ ತೀರ್ಪು ಕೇಳಿಸಿತು: "ಹಂಗೇ ಇರ್ಲಿ ಬುಡ್ಲಾ!"

ಮದುವೆಯಾಯಿತು. ನಾನೂ ಅಪ್ಪನ ಮಗನೇ. 'ನೋಡಿಲ್ಲಿ' ಎಂಬ ಒಂದೇ ಪದದಲ್ಲಿ ಸಂಸಾರ ಸಾಗಿತು. ಕೆಲವು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ, ಏನನ್ನಿಸಿತೋ, ನಡುಮನೆಯಲ್ಲಿ ನಿಂತು "ಪಾರ್ವತೀ" ಎಂದು ಕೂಗಿದೆ. ಅವಳು ಸೌಟು ಹಿಡಿದೇ ಓಡಿ ಬಂದಳು.

"ಯಾರ್ಗೇನಾಯ್ತ್ರೀ?"

"ಯಾರ್ಗೂ ಏನೂ ಇಲ್ಲ. ಸುಮ್ನೆ ಕರ್ದೆ."

ಅವಳು ಸೌಟು ಕೆಳಗಿಳಿಸಿದಳು. ಆಮೇಲೆ ಮೆಲ್ಲಗೆ, "ಇನ್ನೊಂದ್ಸಲ ಅನ್ನಿ," ಎಂದಳು.

ಆ ಮುಖ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಅನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹಿತ್ತಿಲಿಂದ ಅಮ್ಮನ ದನಿ ಬಂತು: "ಬಂದೆ ಕಣಪ್ಪಾ, ಯಾಕ್ ಕೂಗ್ದೆ?"