ಮೂರು ಬಾಯಿ ಕೂಡಿದರೆ ಸುದ್ದಿ

ಭಾನುವಾರ, ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷ. ಐನಾಪುರದ ನಮ್ಮ ಮನೆಯಲ್ಲಿ ಮೂವರಿದ್ದೆವು: ನಾನು, ನನ್ನಾಕೆ, ಹಿಂದಿನ ದಿನ ರಾಯಬಾಗದಿಂದ ಬಂದಿದ್ದ ಅವಳ ತಮ್ಮ. ಸ್ನಾನ, ಪೂಜೆ, ಚಹಾ ಮುಗಿದಿದ್ದವು. ತಮ್ಮ ಟಿವಿ ಹಚ್ಚಿ ಕುಳಿತಿದ್ದ. ಅದರೊಳಗೆ ಆರು ಜನ ಒಮ್ಮೆಲೇ ಕೂಗುತ್ತಿದ್ದರು.

"ಈ ಚಾನೆಲ್ ಅವರ ಕಡೆ, ಆ ಚಾನೆಲ್ ಇವರ ಕಡೆ. ಇನ್ನ ಸರಕಾರಿ ರೇಡಿಯೋ ಯಾಂವ ಕೇಳ್ತಾನ್ರಿ ಮಾಮಾ? ನಮ್ಮ ರೊಕ್ಕ ಸುಮ್ನ ಹಾಳ" ಅಂದ.

ಉತ್ತರ ಕೊಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿನಿಂದ ಬೆಲ್ಲದ ನೀರಿನ ವಾಸನೆ ಬಂತು. ನನ್ನಾಕೆ ಗೋದಿಯ ಸಿಹಿ ಮಾದಲಿಗೆ ಬೆಲ್ಲ ಕರಗಲು ಇಟ್ಟಿದ್ದಳು. ನನಗೆ ವಾಚನಾಲಯದ ಕಾಕಾ ನೆನಪಾದರು.

ಕಾಕಾ ಸುಣ್ಣದ ಕಡ್ಡಿಗಳನ್ನು ಬೆಲ್ಲದ ನೀರಿನಲ್ಲಿ ನೆನೆಸಿ ಒಣಗಿಸುತ್ತಿದ್ದರು. ಹಾಗೆ ಬರೆದ ಅಕ್ಷರ ಗಾಳಿಗೂ, ಹೋಗಿಬರುವವರ ಧೋತರದ ಚುಂಗಿಗೂ ಅಳಿಸುವುದಿಲ್ಲ. ಆ ಕಡ್ಡಿಯಿಂದ ವಾಚನಾಲಯದ ಹೊರಗೋಡೆಯ ಕರಿಹಲಗೆಯ ಮೇಲೆ ದಿನವೂ ಎಂಟು ಗಂಟೆಗೆ ಊರಿಗೆ ಸುದ್ದಿ ಬರೆಯುತ್ತಿದ್ದರು. ನಾನು ಆಗಷ್ಟೇ ಶಾಲೆಗೆ ಸೇರಿದ ಮಾಸ್ತರ. ಏಳಕ್ಕೆ ಹೋಗಿ ಅವರ ಎದುರು ಕೂಡುತ್ತಿದ್ದೆ.

ಅವರ ಮುಂದೆ ಮೂರು ವಸ್ತು ಇರುತ್ತಿದ್ದವು. ಬಲಕ್ಕೆ ಕನ್ನಡ ಪತ್ರಿಕೆ, ಎಡಕ್ಕೆ ಮಿರಜದಿಂದ ಬರುವ ಮರಾಠಿ ಪತ್ರಿಕೆ, ನಡುವೆ ರೇಡಿಯೋ. ಒಂದೇ ಸುದ್ದಿಯನ್ನು ಮೂರೂ ಹೇಳಿದರೆ ಹಲಗೆಗೆ ಹೋಗುತ್ತಿತ್ತು. "ಮೂರು ಬಾಯಿ ಕೂಡಿದ್ರ ಸುದ್ದಿ. ಒಂದ ಬಾಯಿದ್ರ ಅದು ಅವನ ಅಂಬೋಣ" ಎನ್ನುತ್ತಿದ್ದರು. ಹೀಗಾಗಿ ಕೆಲವು ದಿನ ಹಲಗೆಯ ಮೇಲೆ ಎರಡೇ ಸಾಲು. ಒಮ್ಮೊಮ್ಮೆ ಅದೂ ಇಲ್ಲ.

ತಪ್ಪು ಬರೆದರೆ ಅದಕ್ಕೂ ನೇಮ ಇತ್ತು. ತಪ್ಪು ಸುದ್ದಿ ಒಂದು ದಿನ ಇದ್ದರೆ, ತಿದ್ದುಪಡಿ ಎಂಟು ದಿನ ಹಲಗೆಯ ನೆತ್ತಿಯ ಮೇಲೆ ಇರಬೇಕು. ಎಂಟು ದಿನ ಯಾಕೆ ಎಂದು ಕೇಳಿದ್ದೆ. "ಸಂತಿಗೆ ಬಂದಾಂವ ಮುಂದಿನ ಸಂತಿಗೇ ಬರತಾನ ಮಾಸ್ತರ. ಸುಳ್ಳ ತಗೊಂಡ ಹೋದಾಂವ ಖರೇನೂ ಒಯ್ಯಬೇಕಲಾ?"

ವಾಚನಾಲಯ ನಡೆಯುತ್ತಿದ್ದುದು ಜೋಳದ ಮೇಲೆ. ಸುಗ್ಗಿಯಲ್ಲಿ ಮನೆಗೊಂದು ಸೇರು. ಕಡಿಮೆ ಕೊಟ್ಟರೆ ನಡೆದೀತು, ಹೆಚ್ಚು ಮಾತ್ರ ಕೂಡದು. ಒಮ್ಮೆ ನಮ್ಮೂರ ಸಾಹುಕಾರರು ಚೀಲ ತುಂಬ ಜೋಳ ಕಳಿಸಿದರು. ಕಾಕಾ ಒಂದು ಸೇರು ಅಳೆದುಕೊಂಡು ಚೀಲವನ್ನು ತಾವೇ ಹೊರಿಸಿಕೊಂಡು ಹೋಗಿ ತಿರುಗಿ ಕೊಟ್ಟರು.

"ಯಾಕೋ ಮುದುಕಾ, ನನ್ನ ಜ್ವಾಳಕ್ಕ ಹುಳಾ ಹತ್ಯಾವೇನು?"

"ಜ್ವಾಳ ಚೊಲೋ ಅದಾವ್ರಿ ಸಾವ್ಕಾರ್ರ. ಇವನ್ನ ತಿಂದ್ರ ನನ್ನ ಕೈಗೆ ಹುಳಾ ಹತ್ತತಾವ. ನಾಳೆ ನಿಮ್ಮ ಸುದ್ದಿ ಬರಿಯೂ ಮುಂದ ಅಕ್ಷರ ಡೊಂಕ ಆಕ್ಕಾವು."

ಸಾಹುಕಾರರು ನಕ್ಕು ಅವರಿಗೆ ಚಹಾ ಕುಡಿಸಿ ಕಳಿಸಿದರು.

ಆಗ ರೇಡಿಯೋಕ್ಕೂ ಲೈಸನ್ಸ್ ಇತ್ತು. ವರ್ಷಕ್ಕೊಮ್ಮೆ ಅಂಚೆ ಕಚೇರಿಯಲ್ಲಿ ಹಣ ಕಟ್ಟಬೇಕು. ಎಷ್ಟೋ ಜನ ರೇಡಿಯೋವನ್ನು ಹಾಸಿಗೆಯಲ್ಲಿ ಸುತ್ತಿಟ್ಟು ತಪ್ಪಿಸಿಕೊಳ್ಳುತ್ತಿದ್ದರು. ಕಾಕಾ ಮೊದಲ ದಿನವೇ ಸರದಿಯಲ್ಲಿ ನಿಲ್ಲುತ್ತಿದ್ದರು. ಹಣ ಕಟ್ಟಿದ ಹಕ್ಕಿನಿಂದ ರೇಡಿಯೋ ಕೇಂದ್ರಕ್ಕೆ ಕಾರ್ಡು ಬರೆಯುತ್ತಿದ್ದರು: ಮಂತ್ರಿಗಳ ಭಾಷಣ ಹತ್ತು ನಿಮಿಷ ಕೇಳಿಸಿದಿರಿ, ಕೃಷ್ಣೆಗೆ ನೀರು ಬಂದದ್ದನ್ನು ಹೇಳಲಿಲ್ಲ, ನಾವೂ ನಿಮ್ಮ ಧಣಿಗಳೇ. ಉತ್ತರ ಬಂದದ್ದು ನನಗೆ ನೆನಪಿಲ್ಲ. ಕಾರ್ಡು ಬರೆಯುವುದನ್ನು ಅವರು ಬಿಟ್ಟದ್ದೂ ನೆನಪಿಲ್ಲ...

ಗಡಿಯ ಗಲಾಟೆಯ ದಿನಗಳವು. ಕಾಕಾ ಒಂದು ನಸುಕಿನಲ್ಲಿ ಸಂಬಂಧಿಕರ ಮದುವೆಗೆಂದು ಪಾಲಬಾವಿಗೆ ಹೊರಟರು. ಬೀಗದ ಕೈಯನ್ನು ನನಗೆ ಕೊಟ್ಟರು. "ಕೂಡಿದ್ರ ಬರೀರಿ. ಕೂಡಲಿಲ್ಲಂದ್ರ ಖಾಲಿ ಬಿಡ್ರಿ. ಖಾಲಿ ಹಲಗಿಗೆ ಯಾರೂ ಬೈಯೂದಿಲ್ಲ."

ಅಂದಿನ ಕನ್ನಡ ಪತ್ರಿಕೆಯಲ್ಲಿ, ಮಿರಜದ ಹತ್ತಿರ ನಮ್ಮ ಕಡೆಯ ಬಸ್ಸಿಗೆ ಬೆಂಕಿ ಇಟ್ಟರು, ಚಾಲಕನಿಗೆ ಜೀವಾಪಾಯ ಎಂದಿತ್ತು. ಮರಾಠಿ ಪತ್ರಿಕೆಯಲ್ಲಿ ಒಂದು ಸಾಲೂ ಇರಲಿಲ್ಲ. ರೇಡಿಯೋ ಕೂಡ ಏನೂ ಹೇಳಲಿಲ್ಲ. ನನ್ನ ರಕ್ತ ಬಿಸಿಯಿತ್ತು. ಮರಾಠಿ ಪತ್ರಿಕೆಯವರು ತಮ್ಮವರ ತಪ್ಪು ಮುಚ್ಚುತ್ತಿದ್ದಾರೆ, ರೇಡಿಯೋದವರು ಸರಕಾರಕ್ಕೆ ಅಂಜಿದ್ದಾರೆ, ಮುಚ್ಚಿಟ್ಟಿದ್ದಾರೆಂದರೆ ಸುದ್ದಿ ಖರೆಯೇ ಎಂದು ತೀರ್ಮಾನಿಸಿದೆ. ಎಂಟು ಗಂಟೆಗೆ ಸರಿಯಾಗಿ ದೊಡ್ಡ ಅಕ್ಷರದಲ್ಲಿ ಬರೆದು ಶಾಲೆಗೆ ಹೋದೆ.

ಮಿರಜದ ಬಸ್ಸು ಓಡಿಸುತ್ತಿದ್ದವರು ನಮ್ಮ ಹಿಂದಿನ ಓಣಿಯವರು. ಹಿಂದಿನ ರಾತ್ರಿ ಮನೆಗೆ ಬಂದಿರಲಿಲ್ಲ. ಅವರ ಹೆಂಡತಿ ಕೊಡ ಹೊತ್ತು ಬಂದವಳು ಹಲಗೆ ಓದಿದಳು. ಕೊಡವನ್ನು ಅಲ್ಲೇ ಇಟ್ಟು ಮಿರಜದ ದಾರಿ ಹಿಡಿದು ನಡೆದೇಬಿಟ್ಟಳು. ಆ ಕಡೆಯ ಬಸ್ಸುಗಳು ನಿಂತಿದ್ದವು. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಬಿಸಿಲು ಕೆಂಡದಂತಿತ್ತು. ಉಗಾರ ಬುದ್ರುಕದ ಹತ್ತಿರ ರಸ್ತೆಯ ಬದಿಗೆ ಬಿದ್ದಿದ್ದವಳನ್ನು ಕಬ್ಬಿನ ಗಾಡಿಯವರು ಎತ್ತಿ ಕೂಡಿಸಿ ಕರೆತಂದರು. ಸಂಜೆಗೆ ಗಂಡ ಆರಾಮಾಗಿ ಬಂದರು. ಸುಟ್ಟದ್ದು ಬೇರೆ ಊರಿನ ಬಸ್ಸು, ಅದರಲ್ಲಿ ಯಾರೂ ಇರಲಿಲ್ಲ. ಆಕೆ ಹದಿನೈದು ದಿನ ನೆಲಕ್ಕೆ ಕಾಲು ಊರಲಿಲ್ಲ.

ಕಾಕಾ ಅದೇ ಸಂಜೆ ತಿರುಗಿ ಬಂದರು. ಬೈಯಲಿಲ್ಲ.

"ಎಷ್ಟ ಬಾಯಿ ಕೂಡಿದ್ದುವು?"

"ಒಂದ."

"ಉಳಿದ ಎರಡು?"

"ಸುಮ್ನಿದ್ದುವು."

"ಸುಮ್ನಿದ್ದವರನ್ನ ಕಳ್ಳರ ಅಂತ ತಿಳಕೊಂಡ್ರಿ" ಎಂದು ಒದ್ದೆ ಅರಿವೆ ತೆಗೆದುಕೊಂಡರು. ಬೆಲ್ಲದ ಅಕ್ಷರ ಬೇಗ ಹೋಗಲಿಲ್ಲ. ಇಬ್ಬರೂ ತಿಕ್ಕಿದೆವು. ಆಮೇಲೆ ಹಲಗೆಯ ನೆತ್ತಿಯ ಮೇಲೆ ತಪ್ಪನ್ನು ಬಿಡಿಸಿ ಬರೆದು, ಕೆಳಗೆ ತಮ್ಮ ಹೆಸರು ಹಾಕಿದರು. ಅಲ್ಲಿಂದ ನೇರ ಆಕೆಯ ಮನೆಗೆ ಹೋದೆವು.

"ಬರದವರ ಯಾರ?" ಎಂದು ಆಕೆ ಮಲಗಿದಲ್ಲಿಂದಲೇ ಕೇಳಿದಳು.

"ನಾನವ್ವಾ" ಅಂದರು ಕಾಕಾ. ನಾನು ಅವರ ಹಿಂದೆ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಹೊರಗೆ ಬಂದು ಹೀಗೇಕೆ ಅಂದಿರಿ ಎಂದೆ. "ನಾಳೆ ಅಕಿ ಮಗಾ ನಿಮ್ಮ ಮುಂದ ಬಂದ ಕುಂದರತಾನ. ಮಾಸ್ತರ ಹೇಳಿದ್ದ ಸುಳ್ಳ ಅಂತ ಒಮ್ಮೆ ತಿಳದ್ರ ಹುಡುಗೂರು ಏನ ಕಲೀತಾವು?" ಜೀವನವಿಡೀ ಮೂರು ಬಾಯಿ ಕೂಡಿಸಿದ ಮನುಷ್ಯ ನನಗಾಗಿ ಒಂದು ಸುಳ್ಳು ಹೇಳಿದರು. ನಾನು ಅದನ್ನು ಬಳಸಿಕೊಂಡೆ.

ಆ ಸುಗ್ಗಿಯಲ್ಲಿ ಆಕೆ ಬಾಗಿಲಲ್ಲೇ ತಡೆದಳು. "ನಿಮ್ಮ ಹಲಗಿಗೆ ನನ್ನ ಜ್ವಾಳ ಇಲ್ಲ." ಕಾಕಾ ಕೈಮುಗಿದು ಮುಂದಿನ ಮನೆಗೆ ನಡೆದರು. ಮರುವರ್ಷವೂ ಹೋಗಿ ನಿಂತರು, ಅದರ ಮರುವರ್ಷವೂ. ಆಕೆ ಜೋಳ ಹಾಕಲಿಲ್ಲ. ಚೀಲ ಹಿಡಿದು ನಾನು ಪ್ರತಿ ಸಲ ಜೊತೆಗಿದ್ದೆ. ಮುಂದಿನ ಸಲ ಹೇಳೋಣ ಅಂದುಕೊಳ್ಳುತ್ತಿದ್ದೆ... ಒಂದು ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ವಾಚನಾಲಯ ಇದ್ದಲ್ಲಿ ಈಗ ಮೊಬೈಲ್ ಅಂಗಡಿ ಇದೆ.

ಟಿವಿ ಇನ್ನೂ ಕೂಗುತ್ತಿತ್ತು. ನಾನು ಎದ್ದು ಅಂಗಿ ಹಾಕಿಕೊಂಡೆ. "ಎಲ್ಲಿ ಹೊಂಟ್ರಿ? ಮಾದಲಿ ಆಗಾಕ ಬಂತು" ಎಂದು ನನ್ನಾಕೆ ಕೇಳಿದಳು. ಹಿಂದಿನ ಓಣಿಗೆ ಎಂದೆ.

ಬಸ್ಸು ಓಡಿಸುತ್ತಿದ್ದವರು ತೀರಿಕೊಂಡು ಬಹಳ ವರ್ಷವಾಗಿತ್ತು. ಆಕೆ ಕಟ್ಟೆಯ ಮೇಲೆ ಸೊಪ್ಪು ಸೋಸುತ್ತ ಕುಳಿತಿದ್ದಳು. ನಾನು ನಿಂತೇ ಹೇಳಿದೆ. ಅಂದು ಹಲಗೆಯ ಮೇಲೆ ಬರೆದವನು ನಾನು, ಕಾಕಾ ಊರಲ್ಲೇ ಇರಲಿಲ್ಲ ಎಂದೆ.

ಆಕೆಯ ಕೈ ನಿಂತಿತು.

"ಮತ್ತ ವರ್ಷಾ ವರ್ಷಾ ಬಂದ ನಿಂದರತಿದ್ರಲ್ಲ ಅವರು, ಯಾಕ?"

"ನಿಮ್ಮ ಮನಿ ಬಿಟ್ಟ ಹೋದ್ರ ಊರ ಪೂರಾ ಆಗೂದಿಲ್ಲ ಅಂತಿದ್ರು."

ಆಕೆ ನನ್ನತ್ತ ನೋಡದೆ, "ನಾ ಅವರ ಮಣ್ಣಿಗೂ ಹೋಗಲಿಲ್ಲರಿ ಮಾಸ್ತರ. ಬಾಗಲಾ ಹಾಕ್ಕೊಂಡ ಒಳಗ ಕುಂತಿದ್ನಿ. ಈಗ ಬಂದ ಹೇಳಾಕತ್ತೀರಿ. ಇದನ್ನ ನಾ ಯಾರ ಮುಂದ ಹೋಗಿ ಹೇಳಲಿ?" ಅಂದಳು.

ಆಕೆ ಒಳಗೆ ಕರೆಯಲಿಲ್ಲ, ಹೋಗಿರಿ ಎಂದೂ ಅನ್ನಲಿಲ್ಲ. ಸೊಪ್ಪಿನ ಬುಟ್ಟಿಯನ್ನು ಸ್ವಲ್ಪ ಸರಿಸಿ ಕಟ್ಟೆಯ ಮೇಲೆ ಜಾಗ ಮಾಡಿದಳು. ಕುಳಿತೆ. ಇಬ್ಬರೂ ಸೊಪ್ಪು ಸೋಸಿ ಮುಗಿಸಿದೆವು. ಆಗ ಒಂಬತ್ತೂ ಮುಕ್ಕಾಲು.