ಅಪ್ಪನ ಅಂಗೈ ಕೆಳಗಿನ ಕೈ

ದೆವ್ವ, ಗಾಳಿ, ಮೈಮೇಲೆ ಬರುವುದು ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುವವನು ನಾನು. ಶಹಾಬಾದಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವನು. ಬೆಲ್ಟಿನ ಪಟ್ಟಾ ಹಾಕದೆ ಚಕ್ರ ತಿರುಗಿದ್ದನ್ನು ಒಮ್ಮೆಯೂ ಕಂಡಿಲ್ಲ. ಅಂಥ ಮಾತುಗಳನ್ನು ಈಗಲೂ ನಂಬುವುದಿಲ್ಲ. ಆದರೆ ಒಂದು ದಿನ ಅಪ್ಪನ ಪೂಜೆಯ ಹೊತ್ತಿನಲ್ಲಿ ನನ್ನ ಕೈಗೆ ತಗಲಿದ್ದನ್ನು ಇಲ್ಲವೆನ್ನಲೂ ಆಗುತ್ತಿಲ್ಲ. ನಗುವುದಾದರೆ ನಗಿರಿ, ನನಗೇನೂ ಬೇಜಾರಿಲ್ಲ.

ಆಗ ನಿಜಾಮರ ಆಳ್ವಿಕೆ. ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿಯಲ್ಲಿ ಮೇಸ್ತ್ರಿಯಾಗಿದ್ದ ಅಪ್ಪನಿಗೆ ಲಕವಾ ಹೊಡೆಯಿತು. ಧೋತರ ಉಡುತ್ತಿದ್ದವನು ಗೋಡೆಗೊರಗಿ ಹಾಗೇ ಕುಸಿದ. ಸೊಟ್ಟಗಾದ ಬಾಯಿ ಕೆಲವು ವಾರಗಳಲ್ಲಿ ನೆಟ್ಟಗಾಯಿತು. ಎಳೆದುಕೊಂಡಾದರೂ ಕಾಲು ಅಂಗಳದವರೆಗೆ ಬಂತು. ಎಡಗೈ ಮಾತ್ರ ಹಿಂಡಿ ಹಾಕಿದ ಅರಿವೆಯಂತೆ ಜೋತುಬಿದ್ದಿತ್ತು. ಬೇರೆಯವರಾಗಿದ್ದರೆ ಬಲಗೈಯಾದರೂ ಉಳಿಯಿತಲ್ಲ ಎನ್ನುತ್ತಿದ್ದರು. ಅಪ್ಪನಿಗೆ ಆ ಸಮಾಧಾನವಿರಲಿಲ್ಲ. ನಮ್ಮಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಬಲಗೈಯಿಂದ ಪೂಜಿಸಬೇಕು. ಪೂಜೆಯಾಗದೆ ಅಪ್ಪ ನೀರನ್ನೂ ಮುಟ್ಟುವವನಲ್ಲ.

ಮಠದ ಅಯ್ಯನವರೇ ಮನೆಗೆ ಬಂದು, "ಕಟಗಿ ಮಣಿ ಮ್ಯಾಲ ಇಟ್ಟು ಪೂಜಿ ಮಾಡ್ರಿ. ಶಿವ ಏನ್ ಸಿಟ್ಟಾಗಂಗಿಲ್ಲ" ಎಂದರು.

"ಶಿವನ ಸಿಟ್ಟಿನ ಮಾತಲ್ರಿ ಅಯ್ಯಾವ್ರ, ನನ್ನ ಮಾತು" ಎಂದ ಅಪ್ಪ. "ಅದು ನನ್ನ ಅಂಗೈಯಾಗೇ ಇರಬೇಕು. ಕೈಯಾಗಿಂದ ಬಿತ್ತಂದ್ರ ನಾ ಉಳಿಯಂಗಿಲ್ಲ."

ಅಪ್ಪ ಬಾಯಿಮಾತಿಗೆ ಹೀಗೆ ಹೇಳುವವನಲ್ಲ. ಲಿಂಗ ಬಿದ್ದರೆ ಅನ್ನ ನೀರು ಬಿಟ್ಟು ಮಲಗಿಯೇಬಿಡುತ್ತಾನೆಂದು ಮನೆಯವರಿಗೆಲ್ಲ ಗೊತ್ತಿತ್ತು.

ದಾರಿ ಹುಡುಕಿದವಳು ಅವ್ವ. ಪೂಜೆಯ ಹೊತ್ತಿಗೆ ಎದುರಿಗೆ ಕೂತು ಅಪ್ಪನ ಅಂಗೈ ಕೆಳಗೆ ತನ್ನ ಅಂಗೈ ಆನಿಸಿದಳು. ಉಳಿದ ಹೊತ್ತಿನಲ್ಲಿ ಹಕೀಮರು ಕೊಟ್ಟ ಎಣ್ಣೆ ತಿಕ್ಕುವಳು. ರೊಟ್ಟಿಗೆ ಕೂತಾಗ ಜೋಳದ ಹಿಟ್ಟಿನ ಮುದ್ದೆಯನ್ನು ಆ ಕೈಗೆ ತುರುಕಿ, "ಹಿಚುಕ್ರಿ" ಎನ್ನುವಳು.

"ನಾ ಏನ್ ರೊಟ್ಟಿ ಬಡಿಯೋ ಹೆಣ್ಮಗಳೇನ?" ಎಂದು ಅಪ್ಪ ಸಿಡುಕಿದರೆ, "ಬಡೀರಲ್ಲ, ನನಗಾರ ಪುರಸೊತ್ತಾಗ್ತದ" ಎಂದು ನಗುವಳು. ಹೀಗೇ ಎರಡು ವರ್ಷ ನಡೆಯಿತು. ಬೆರಳುಗಳು ತುಸುತುಸುವೇ ಮಡಚತೊಡಗಿದವು. ಆದರೆ ಅವ್ವನ ಕೈ ಕೆಳಗಿಲ್ಲದೆ ಅಪ್ಪ ಒಂದು ದಿನವೂ ಲಿಂಗ ಹೊರತೆಗೆಯಲಿಲ್ಲ.

ಒಂದು ಮಳೆಗಾಲದಲ್ಲಿ ಅವ್ವನ ತವರು ದಂಡೋತಿಯಿಂದ ಸೋದರಮಾವನಿಗೆ ಹುಷಾರಿಲ್ಲವೆಂದು ಸುದ್ದಿ ಬಂತು. ಬೆಳಗಿನ ಪೂಜೆ ಮುಗಿಸಿ, ಸಂಜೆಗೆ ಬರುತ್ತೇನೆಂದು ಅವ್ವ ಹೋದಳು. ಮಳೆ ಹಿಡಿದದ್ದು ಬಿಡಲಿಲ್ಲ. ಹಳ್ಳಕೊಳ್ಳ ತುಂಬಿ ದಾರಿ ಕಟ್ಟಾಯಿತು. ಮಾರನೆಯ ಬೆಳಿಗ್ಗೆ ಅಪ್ಪ ಜಳಕ ಮಾಡಿ ಕೂತು ಬಾಗಿಲನ್ನೇ ನೋಡುತ್ತಿದ್ದ. ಮಧ್ಯಾಹ್ನವಾಯಿತು. ತುಟಿ ಒಣಗಿ, ಮಾತು ಮತ್ತೆ ತೊದಲತೊಡಗಿತು. 

"ಯಪ್ಪಾ, ನಾ ಹಿಡೀತೀನಿ" ಎಂದೆ.

"ನಿನ್ನ ಕೈ ನಡುಗಂಗಿಲ್ಲಲ್ಲ?"

"ದಿನಾ ಮಷೀನ್ ಹಿಡಿಯೋ ಕೈ ಇವು, ನಡುಗ್ತಾವೇನ?" ಎಂದು ಜಂಬ ಕೊಚ್ಚಿದೆ. 

ಅಪ್ಪ ಬಲಗೈಯಿಂದ ಎಡಗೈ ಎತ್ತಿ ಮುಂದೆ ಚಾಚಿ, ಅಂಗೈ ಬಿಡಿಸಿ ಲಿಂಗ ಇಟ್ಟುಕೊಂಡ. ಕೈ ನಡುಗುತ್ತ ಕೆಳಗಿಳಿಯತೊಡಗಿತು. ನಾನು ಗಾಬರಿಯಿಂದ ನನ್ನ ಕೈ ಕೆಳಗೆ ತೂರಿಸಿದೆ.

ನನ್ನ ಅಂಗೈ ಅಪ್ಪನ ಅಂಗೈಗೆ ಮುಟ್ಟಲಿಲ್ಲ. ನಡುವೆ ಇನ್ನೊಂದು ಕೈ ಇತ್ತು.

ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ. ಒರಟು ಕೈ, ಬೆಚ್ಚಗಿತ್ತು, ತುಸು ಒದ್ದೆ. ಗಾಜಿನ ಬಳೆಯ ಅಂಚು ನನ್ನ ಮಣಿಕಟ್ಟಿಗೆ ಒತ್ತುತ್ತಿತ್ತು. ನೋಡಿದರೆ ಮೇಲೆ ಅಪ್ಪನ ಕೈ, ಕೆಳಗೆ ನನ್ನದು, ನಡುವೆ ಎರಡು ಬೆರಳಿನಷ್ಟು ಖಾಲಿ ಜಾಗ. ಮೇಲಕ್ಕೆ ಒತ್ತಿದೆ, ಅದು ಜಗ್ಗಲಿಲ್ಲ. ಚೀರಿದರೆ ಅಪ್ಪ ಬೆದರಿ ಲಿಂಗ ಬೀಳಿಸಿಯಾನೆಂದು ತುಟಿ ಕಚ್ಚಿ ಕೂತೆ. ಆಮೇಲೆ ಏನನ್ನಿಸಿತೋ, ಮೆಲ್ಲಗೆ ನನ್ನ ಕೈ ಹಿಂದಕ್ಕೆ ತೆಗೆದುಕೊಂಡುಬಿಟ್ಟೆ. ಅಪ್ಪನ ಕೈ ಅಲ್ಲಾಡಲಿಲ್ಲ. ಲಿಂಗದ ಮೇಲಿನ ದೃಷ್ಟಿ ತೆಗೆಯದೆ ವಿಭೂತಿ, ಪತ್ರಿ ಎಲ್ಲ ಏರಿಸಿ ಪೂಜೆ ಮುಗಿಸಿದ.

ನೀರು ಕುಡಿದು, "ನಿಮ್ಮವ್ವನ ಕೈಗಿಂತ ನಿನ್ನ ಕೈ ಗಟ್ಟಿ ಅದ ನೋಡು ತಮ್ಮಾ" ಎಂದ. 

ಮಧ್ಯಾಹ್ನದ ಮೇಲೆ ಮಳೆ ನಿಂತು ಹಳ್ಳ ಇಳಿದು, ಕತ್ತಲಾಗುವ ಹೊತ್ತಿಗೆ ಅವ್ವ ಬಂದಳು. ಹಿತ್ತಲಿಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿ, "ಯವ್ವಾ, ಮಧ್ಯಾಹ್ನ ನೀ ಏನ್ ಮಾಡ್ಲಿಕತ್ತಿದ್ದಿ?" ಎಂದು ಕೇಳಿದೆ. ಅಪ್ಪನನ್ನೇ ನೆನೆಯುತ್ತಿದ್ದೆ ಎಂದಿದ್ದರೆ ನನಗೆ ಸಾಕಿತ್ತು.

"ಏನ್ ಮಾಡ್ಲಿ, ಅಣ್ಣಗ ಗಂಜಿ ಕುಡಿಸ್ಲಿಕತ್ತಿದ್ದೆ" ಎಂದಳು. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ನಾ ಅವರ ಕೈ ಹಿಡಿಯೂದು ಬಿಟ್ಟು ಭಾಳ ದಿನ ಆತು. ದಿನಾ ಒಂದೀಟ ಒಂದೀಟ ನನ್ನ ಕೈ ಇಳಿಸ್ಕೋತ ಬಂದೀನಿ. ಈಗ ಮುಟ್ಟಂಗೇ ಇಲ್ಲ. ಅವರೇ ಹಿಡ್ಕೋತಾರ. ಆ ಕೈಗಿ ಬಿಸಿ ತಂಪು ಏನೂ ತಿಳಿಯಂಗಿಲ್ಲ, ಹಿಂಗಾಗಿ ಗೊತ್ತಾಗಿಲ್ಲ. ಹೇಳಿದ್ರ ಅಂಜಿ ಬೀಳಿಸ್ಯಾರು. ನನ್ನಾಣಿ ಅದ, ಅವರ ಮುಂದ ಅನಬ್ಯಾಡ."

 ಅವ್ವನ ಕೈಯೇ ಅದು ಎಂದು ನಂಬಿ ಸುಮ್ಮನಾಗೋಣವೆಂದರೆ ಅವ್ವ ಅದನ್ನೂ ಉಳಿಸಲಿಲ್ಲ. ಅಪ್ಪನ ಕೈ ಅಪ್ಪನೇ ಹಿಡಿದಿದ್ದರೆ ನನಗೆ ತಗಲಿದ್ದು ಯಾರ ಕೈ? ಅಂಜಿಕೆಯಿಂದ ಹಾಗನ್ನಿಸಿತೆಂದರೆ, ಅಂಜಿಕೆಗೆ ಬಳೆ ಇರುತ್ತದೆಯೇ?

ಮಾರನೆಯ ಬೆಳಿಗ್ಗೆ ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿದೆ. ಅವ್ವ ಹೇಳಿದ್ದು ನಿಜ. ಮೇಲೆ ಅಪ್ಪನ ಕೈ, ಕೆಳಗೆ ಅವಳದು, ನಡುವೆ ಜಾಗ ಸ್ಪಷ್ಟವಾಗಿ ಕಾಣುತ್ತಿತ್ತು.

ಅಪ್ಪ ಲಿಂಗದಿಂದ ಕಣ್ಣೆತ್ತದೆಯೇ ಅವ್ವನಿಗೆ, "ಎರಡು ವರ್ಷದಾಗ ಇವತ್ತೇ ತಿಳೀತು ನೋಡು. ನಿನ್ನ ಕೈ ಎಷ್ಟು ಬೆಚ್ಚಗದ!" ಎಂದ.

ಅವ್ವ ತನ್ನ ಅಂಗೈಯನ್ನೊಮ್ಮೆ ನೋಡಿಕೊಂಡಳು, ಆಮೇಲೆ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ನಗು ಇರಲಿಲ್ಲ. ಕೈ ಮೇಲೇರಿಸಬೇಕೋ ತೆಗೆದುಬಿಡಬೇಕೋ ತಿಳಿಯದೆ ಹಾಗೇ ಹಿಡಿದು ಕೂತಿದ್ದಳು.