ಎದುರು ಟೀಮಿನ ಹುಡುಗನ ಕಾಲು

ಹೋದ ವಾರ ದೋಹಾದ ನಜ್ಮಾ ಬಡಾವಣೆಯ ನನ್ನ ಅಂಗಡಿಗೆ ಒಬ್ಬ ಗಿರಾಕಿ ಬಂದ. ಅವನಿಗಿಂತ ಮೊದಲು ಅವನ ಮೈಯ ವಾಸನೆ ಬಂತು. ಕರ್ಪೂರ, ನೀಲಗಿರಿ ಬೆರೆತ ನೋವಿನ ಎಣ್ಣೆ. ಈಗ ಯಾರೂ ಎಣ್ಣೆ ಹಚ್ಚುವುದಿಲ್ಲ. ಎಲ್ಲರಿಗೂ ಸ್ಪ್ರೇ ಬೇಕು, ನಾನು ಮಾರುವುದೂ ಅದನ್ನೇ. ಅವನಿಗೆ ಮಂಡಿಗೆ ಹಾಕುವ ಪಟ್ಟಿ ಬೇಕಿತ್ತು. ಯಾವುದು ಒಳ್ಳೆಯದು ಎಂದು ಕೇಳಿದ. ಈ ಪ್ರಶ್ನೆ ಕೇಳಿದವರನ್ನು ನಾನು ಸುಲಭದಲ್ಲಿ ಬಿಡುವವನಲ್ಲ. ಅವತ್ತು ಮಾತ್ರ ಒಂದನ್ನು ತೆಗೆದುಕೊಟ್ಟು ಸುಮ್ಮನಾದೆ. ಅವನು ಹೋದ ಮೇಲೂ ವಾಸನೆ ಕೌಂಟರಿನ ಹತ್ತಿರವೇ ನಿಂತಿತ್ತು... ಅಲ್ಲಿ ಒಂದು ಕಾಲದಲ್ಲಿ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಒಬ್ಬರು ಕೂರುತ್ತಿದ್ದರು.

ಅವರನ್ನು ನಾವೆಲ್ಲ ಕೋಚ್ ಎಂದೇ ಕರೆಯುತ್ತಿದ್ದೆವು. ಗದಗ ಕಡೆಯವರು. ಪ್ರಾಯದಲ್ಲಿ ರಾಜ್ಯದ ಟೀಮಿಗೆ ಬಾಸ್ಕೆಟ್‌ಬಾಲ್ ಆಡಿದ್ದರು. ಮಂಡಿ ಹೋದ ಮೇಲೆ ಪಿಟಿ ಮಾಸ್ಟ್ರಾಗಿ ದೋಹಾದ ಶಾಲೆಯೊಂದಕ್ಕೆ ಬಂದವರನ್ನು ಒಂದು ಖಾಸಗಿ ಕಾಲೇಜು ತನ್ನ ಹುಡುಗರ ಟೀಮಿಗೆ ಕೋಚ್ ಮಾಡಿ ಕರೆದುಕೊಂಡಿತು. ಅದು ಡಿಗ್ರಿ ಕಾಲೇಜಲ್ಲ, ಎರಡು ವರ್ಷದ ಕೋರ್ಸಿನದು. ಮುಗಿಸಿದವರು ಯೂನಿವರ್ಸಿಟಿಗೆ ಸೇರಬಹುದು, ಇಲ್ಲವೇ ಕೆಲಸಕ್ಕೆ ಹೋಗಬಹುದು. ಹಗಲು ದುಡಿದು ಸಂಜೆ ಓದುವವರೇ ಅಲ್ಲಿ ಹೆಚ್ಚು: ಸುಡಾನಿನವರು, ಫಿಲಿಪೈನ್ಸಿನವರು, ಜೋರ್ಡಾನಿನವರು, ಒಂದಿಬ್ಬರು ಮಲಯಾಳಿಗಳು, ಇಲ್ಲಿಯದೇ ಮನೆತನಗಳ ಹುಡುಗರು. ಕೋಚ್ ಅವರ ಹೆಂಡತಿ ಮತ್ತು ಮಗಳು ಊರಿನಲ್ಲಿ. ಇವರು ನನ್ನ ಅಂಗಡಿಯ ಮೇಲಿನ ಮಹಡಿಯಲ್ಲಿ ಹಂಚಿಕೊಂಡ ರೂಮಿನಲ್ಲಿ.

ನಾನು ಮೂಲ್ಕಿ ಕಡೆಯವನು, ಮನೆಮಾತು ತುಳು. ಇಲ್ಲಿಗೆ ಬಂದದ್ದು ಟೈಲರ್ ಅಂಗಡಿಯಲ್ಲಿ ಗುಂಡಿ ಹೊಲಿಯಲು. ಆಮೇಲೆ ಆಟದ ಅಂಗಿ, ಕಪ್, ಚೆಂಡು ಅಂತ ನನ್ನದೇ ವ್ಯಾಪಾರ ಮಾಡಿಕೊಂಡೆ. ನನ್ನ ಕನ್ನಡ ಪುಸ್ತಕ ಓದಿದ ಹಾಗಿದೆ ಎಂದು ಅವರು ನಗುತ್ತಿದ್ದರು. ಅವರ ಕನ್ನಡ ಜಗಳಕ್ಕೆ ಬಂದ ಹಾಗಿದೆ ಎಂದು ನಾನು.

ಮೊದಲ ಸಲ ಟೀಮಿನ ಅಂಗಿ ಹೊಲಿಸಲು ಬಂದಾಗ ನಾನು ಹೇಳಿದ ದರಕ್ಕೇ ಒಪ್ಪಿಬಿಟ್ಟರು. ಚೌಕಾಸಿ ಮಾಡದ ಗಿರಾಕಿಯನ್ನು ಕಂಡರೆ ನನಗೆ ಒಳಗೊಳಗೇ ಭಯ. ಬೆನ್ನ ಮೇಲೆ ಹುಡುಗರ ಹೆಸರು ಹಾಕಿಸಿ, ಚಂದ ಕಾಣುತ್ತದೆ ಎಂದೆ.

“ಹೆಸರು ಬ್ಯಾಡ್ರಿ ಸಾವ್ಕಾರ್ರ, ನಂಬರ್ ಅಷ್ಟ ಸಾಕು. ಹುಡುಗ್ರು ಹೊಂಟ್ ಹೋಗ್ತಾರ, ಅಂಗಿ ಉಳೀತಾವ.”

ಎರಡು ವರ್ಷದ ಕಾಲೇಜಿನ ಕೋಚ್ ಆಗುವುದು ಎಂದರೇನು ಎಂದು ನನಗೆ ನಿಧಾನಕ್ಕೆ ತಿಳಿಯಿತು. ಬರುವಾಗ ಹುಡುಗನಿಗೆ ಚೆಂಡು ಹಿಡಿದು ನಿಲ್ಲಲು ಬರುವುದಿಲ್ಲ. ಒಂದು ವರ್ಷ ನಿಲ್ಲಿಸಿ, ಓಡಿಸಿ, ಬೈದು ಕಲಿಸಬೇಕು. ಎರಡನೇ ವರ್ಷ ಅವನು ಆಡಲು ಶುರು ಮಾಡುತ್ತಾನೆ. ಅಷ್ಟರಲ್ಲಿ ಕೋರ್ಸು ಮುಗಿದು ಯಾವುದೋ ಯೂನಿವರ್ಸಿಟಿಯವರು ಕರೆದುಕೊಂಡು ಹೋಗುತ್ತಾರೆ. ಮುಂದಿನ ವರ್ಷ ಅದೇ ಹುಡುಗ ಎದುರು ಟೀಮಿನಲ್ಲಿ ನಿಂತು ಇವರನ್ನೇ ಸೋಲಿಸುತ್ತಾನೆ. ಕಪ್ ಅವರಿಗೆ, ಇವರಿಗೆ ಮತ್ತೆ ಚೆಂಡು ಹಿಡಿಯಲು ಬಾರದ ಹೊಸ ಹುಡುಗರು. ನಾನು ಹೊಲಿದ ಅಂಗಿಯನ್ನು ಪಕ್ಕದ ಅಂಗಡಿಯವ ತನ್ನ ಚೀಟಿ ಅಂಟಿಸಿ ಮಾರಿದರೆ ನನಗೆ ನಿದ್ದೆ ಬರುತ್ತದೆಯೇ? ಅವರಿಗೆ ಬರುತ್ತಿತ್ತು.

ಎತ್ತರದ ಹುಡುಗರನ್ನು ಒಂದು ಸಬ್ಜೆಕ್ಟಿನಲ್ಲಿ ಫೇಲ್ ಮಾಡಿಸಿ ಮೂರನೇ ವರ್ಷವೂ ಇಟ್ಟುಕೊಳ್ಳಿ ಎಂದು ಒಮ್ಮೆ ಸಲಹೆ ಕೊಟ್ಟೆ. ಕರಕ್ ಚಹಾದ ಲೋಟ ಕೆಳಗಿಟ್ಟು ನಗಾಡಿದರು.

“ನೀವು ಮಾಸ್ತರ್ ಆಗಲಿಲ್ಲ ನೋಡ್ರಿ, ದೇಶ ಉಳೀತು.”

ನನ್ನ ಸಲಹೆಗಳನ್ನು ಅವರು ಯಾವಾಗಲೂ ಪೂರ್ತಿ ಕೇಳುತ್ತಿದ್ದರು. ನಡುವೆ ಬಾಯಿ ಹಾಕುತ್ತಿರಲಿಲ್ಲ. ಅಷ್ಟು ಶ್ರದ್ಧೆಯಿಂದ ಕೇಳಿ, ಅಷ್ಟೇ ಶಾಂತವಾಗಿ ಪಕ್ಕಕ್ಕಿಟ್ಟವರು ಇನ್ನೊಬ್ಬರನ್ನು ನಾನು ಕಂಡಿಲ್ಲ.

ಆಮೇಲೆ ಒಂದು ವರ್ಷ, ಸೀಸನ್ನಿನ ನಡುವೆ, ಈ ಸೀಸನ್ ಮುಗಿದ ಮೇಲೆ ಟೀಮನ್ನು ಮುಂದುವರಿಸುವುದಿಲ್ಲ ಎಂದು ಕಾಲೇಜಿನವರು ತಿಳಿಸಿದರು. ವಿದ್ಯಾರ್ಥಿಗಳು ಹೆಚ್ಚಾಗಿದ್ದರು, ಆಟದ ಹಾಲ್ ಕ್ಲಾಸಿಗೆ ಬೇಕಿತ್ತು. ಟೀಮಿನ ಜೊತೆಗೆ ಕೋಚ್ ಕೆಲಸವೂ ಖಲಾಸ್. ಇಲ್ಲಿ ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಊರಿನ ವಿಮಾನ. ಮಗಳು ಹುಬ್ಬಳ್ಳಿಯಲ್ಲಿ ಆಗಷ್ಟೇ ಫಾರ್ಮಸಿ ಸೇರಿದ್ದಳು. ಆ ಕೋರ್ಸು ಮುಗಿಯುವವರೆಗಾದರೂ ಅವರು ದೋಹಾದಲ್ಲಿ ಉಳಿಯಬೇಕಿತ್ತು. ಉಳಿಯುವುದಾದರೆ ಕೋಚ್ ಆಗಿಯೇ ಎಂಬ ಆಸೆ ಅವರದು. ಬಾಯಿ ಬಿಟ್ಟು ಹೇಳಲಿಲ್ಲ. ಆದರೆ ಶಾಲೆಗಳಲ್ಲಿ ಪಿಟಿ ಕೆಲಸ ಇದೆಯೇ ವಿಚಾರಿಸುತ್ತೇನೆ ಎಂದಾಗ, “ನೋಡೂಣ್ರಿ” ಎಂದು ಮಾತು ಬದಲಿಸಿದರು.

ಕೆಲಸ ಹುಡುಕುವವರಿಗೆ ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಬರೀ ಅರ್ಜಿ ಹಾಕಿ ಕಾಯಬೇಡಿ. ನಿಮ್ಮ ಕೈ ಕೆಲಸ ಮಾಡುವ ಜಾಗಕ್ಕೆ ಕೊಳ್ಳುವವನನ್ನೇ ಕರೆತನ್ನಿ. ದೊಡ್ಡ ಕ್ಲಬ್ಬೊಂದರ ಮ್ಯಾನೇಜರ್ ನನ್ನ ಗಿರಾಕಿ, ಅರಬ್ಬಿ ಮನುಷ್ಯ, ಹಿಂದಿಯೂ ಸ್ವಲ್ಪ ಬರುತ್ತಿತ್ತು. ಅವರ ಕಿರಿಯರ ಟೀಮಿಗೆ ಕೋಚ್ ಬೇಕು ಎಂಬ ಸುದ್ದಿ ಕಿವಿಗೆ ಬಿದ್ದಿತ್ತು. ಅವನ ಬೆನ್ನು ಬಿದ್ದು, ನಮ್ಮ ಕೋಚ್‌ನ ಒಂದು ಮ್ಯಾಚಿಗೆ ಬರುವಂತೆ ಒಪ್ಪಿಸಿದೆ. ಕೋಚ್‌ಗೆ ಹೇಳಿದ್ದು ಇಷ್ಟೇ: ಉಳಿದದ್ದು ನಾನು ಮಾತಾಡುತ್ತೇನೆ, ನೀವು ಈ ಒಂದು ಮ್ಯಾಚ್ ಗೆದ್ದುಕೊಡಿ ಮಾರಾಯ್ರೆ.

ಎದುರಾಳಿ ಒಂದು ಯೂನಿವರ್ಸಿಟಿಯ ಟೀಮು. ಅದರ ಮುಖ್ಯ ಆಟಗಾರ ಒಬ್ಬ ಸುಡಾನಿನ ಹುಡುಗ, ತಾಳೆಮರದಷ್ಟು ಎತ್ತರ. ಎರಡು ವರ್ಷ ನಮ್ಮ ಕೋಚ್ ಕೈಯಲ್ಲೇ ಬೆಳೆದವನು.

ಮೊದಲರ್ಧ ನಮ್ಮವರೇ ಮುಂದಿದ್ದರು. ಕಾರಣ ನನ್ನ ಕಣ್ಣಿಗೂ ಕಾಣುತ್ತಿತ್ತು: ಆ ಹುಡುಗ ಎಡಗಾಲು ಊರಲು ಹೆದರುತ್ತಿದ್ದ. ಪಾದದ ಗಂಟಿಗೆ ಟೇಪ್ ಸುತ್ತಿದ್ದರು, ಆದರೂ ಹಾರಿ ಇಳಿಯುವಾಗ ಮುಖ ಹಿಂಡುತ್ತಿದ್ದ. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಪಕ್ಕದಲ್ಲಿ ಕೂತ ಮ್ಯಾನೇಜರ್ ಕಡೆ ವಾಲಿ, ನೋಡಿ, ಹೇಗೆ ಕಟ್ಟಿಹಾಕಿದ್ದಾರೆ ನಮ್ಮ ಕೋಚ್ ಎಂದೆ.

ವಿರಾಮ ಬಂತು. ಕೋಚ್ ತಮ್ಮ ಹುಡುಗರನ್ನು ಕೂರಿಸಿ ಏನೋ ಹೇಳಿದರು, ನೀರು ಕುಡಿಸಿದರು. ಆಮೇಲೆ ತಮ್ಮ ಚೀಲ ಎತ್ತಿಕೊಂಡು ಅಂಗಳ ದಾಟಿ ಎದುರು ಟೀಮಿನ ಬೆಂಚಿಗೆ ಹೋದರು. ಅಲ್ಲಿನ ಕೋಚ್‌ಗೆ ಎದೆಯ ಮೇಲೆ ಕೈಯಿಟ್ಟು ಸಲಾಂ ಹೇಳಿ, ಹುಡುಗನ ಕಾಲು ತೋರಿಸಿದರು. ಅವನು ಹೂಂ ಎಂದ. ನಮ್ಮ ಕೋಚ್ ಆ ಹಾಳಾದ ಮಂಡಿಯನ್ನು ನೆಲಕ್ಕೂರಿ ಕೂತು, ಹಳೆಯ ಟೇಪನ್ನೆಲ್ಲ ಕಿತ್ತು, ಎಣ್ಣೆ ಹಚ್ಚಿ ಉಜ್ಜಿ, ಒರೆಸಿ, ಹೊಸದಾಗಿ ಸುತ್ತತೊಡಗಿದರು. ಹಿಮ್ಮಡಿಯ ಕೆಳಗಿಂದ ಮೇಲಕ್ಕೆ, ಅಡ್ಡ ಒಂದು, ಮತ್ತೆ ಮೇಲಕ್ಕೆ. ಕನ್ನಡದಲ್ಲೇ ಬೈಯುತ್ತಿದ್ದರೆಂದು ಆಮೇಲೆ ನಮ್ಮ ಹುಡುಗರು ಹೇಳಿದರು. ಅವನಿಗೆ ಒಂದು ಅಕ್ಷರ ಅರ್ಥವಾಗಿರಲಿಕ್ಕಿಲ್ಲ. ಆದರೂ ಪಾಠ ಮರೆತು ಬಂದವನ ಹಾಗೆ ತಲೆ ತಗ್ಗಿಸಿ ಕೂತಿದ್ದ.

ಎರಡನೇ ಅರ್ಧದಲ್ಲಿ ಅವನು ಹಾರಿದ್ದೇ ಹಾರಿದ್ದು. ನಮ್ಮವರು ಸೋತರು.

ಹೊರಗಿನ ಮೊಗಸಾಲೆಯಲ್ಲಿ ಕೋಚ್ ಅವರನ್ನು ಹಿಡಿದೆ. ನನ್ನ ದನಿ ಸ್ವಲ್ಪ ಏರಿತ್ತು.

“ಎಂತ ಮಾಡಿದಿರಿ ನೀವು? ಅವ ಎದುರು ಟೀಮಿನವ ಅಲ್ವಾ?”

“ಟೀಮ್ ಅವರ್ದರೀ,” ಎಂದರು ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಾ. “ಕಾಲು ನಂದು.”

ಮ್ಯಾನೇಜರ್ ಎದ್ದು ಹೋಗಿರಬೇಕು ಎಂದುಕೊಂಡು ತಿರುಗಿದರೆ, ಅವನು ನಮ್ಮ ಕಡೆಗೇ ಬರುತ್ತಿದ್ದ. ಮ್ಯಾಚಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಈ ಮನುಷ್ಯನ ಕೈ ಬಹಳ ಒಳ್ಳೆಯದು, ಬಂದು ಮಾತಾಡಿ ಎಂದಷ್ಟೇ ನನಗೆ ಹೇಳಿ ಹೋದ.

ಮಾತುಕತೆ ಮುಶೈರಿಬ್‌ನ ಒಂದು ಕಾಫಿ ಅಂಗಡಿಯಲ್ಲಿ ನಡೆಯಿತು. ಕೋಚ್‌ಗೆ ಮೊದಲೇ ಪಾಠ ಹೇಳಿದ್ದೆ: ಮೊದಲ ಮಾತಿಗೆ ಒಪ್ಪಬೇಡಿ, ನಗಬೇಡಿ, ಕಪ್ಪಿನಲ್ಲಿ ಕಾಫಿ ಇರುವವರೆಗೆ ಅವಸರವೇ ಇಲ್ಲದವರ ಹಾಗೆ ಕೂರಿ. ಅವರು ಹಾಗೆಯೇ ಕೂತರು. ಮ್ಯಾನೇಜರ್ ವಿಷಯಕ್ಕೆ ಬಂದ. ಕಿರಿಯರ ಟೀಮಿಗೆ ಕೋಚ್ ಆಗಲೇ ಯುರೋಪಿನಿಂದ ಬಂದಾಗಿದೆ. ತನಗೆ ಬೇಕಾಗಿರುವುದು ಆಟಗಾರರ ಕಾಲು ನೋಡಿಕೊಳ್ಳುವವರು. ಕಟ್ಟಲು, ತಿಕ್ಕಲು, ಬೆಂಚಿನ ತುದಿಯಲ್ಲಿ ಕೂರಲು.

ಕೋಚ್ ಮುಖದಲ್ಲಿ ಏನೂ ಕಾಣಲಿಲ್ಲ. ನಾನು ಶುರು ಮಾಡಿದೆ. ಒಬ್ಬರೇ ಇರುವ ರೂಮು, ವರ್ಷಕ್ಕೊಮ್ಮೆ ಊರಿಗೆ ಟಿಕೆಟ್, ಲುಸೈಲ್ ಕಡೆಯ ಹಾಲ್‌ಗೆ ಹೋಗಿಬರಲು ಗಾಡಿ, ಕಾಲೇಜಿಗಿಂತ ಒಳ್ಳೆಯ ಸಂಬಳ. ಒಂದೊಂದಾಗಿ ಎಲ್ಲಕ್ಕೂ ಹೂಂ ಅನ್ನಿಸಿದೆ. ನನ್ನ ಆಯುಷ್ಯದಲ್ಲಿ ಅಷ್ಟು ಚೆನ್ನಾಗಿ ನಾನು ವ್ಯಾಪಾರ ಮಾಡಿದ್ದು ಕಡಿಮೆ. ಇನ್ನೇನು ಬೇಕು ಕೇಳಿ ಎಂದು ಕೋಚ್ ಕಡೆ ತಿರುಗಿದೆ.

“ಕಾರ್ಡಿನ್ಯಾಗ ಕೋಚ್ ಅಂತ ಬರೀತಾರೇನು ಕೇಳ್ರಿ.”

ಇಲ್ಲಿ ಎಲ್ಲರ ಕಿಸೆಯಲ್ಲೂ ಒಂದು ಗುರುತಿನ ಕಾರ್ಡ್ ಇರುತ್ತದೆ, ಅದರಲ್ಲಿ ನೀವು ಯಾವ ಕೆಲಸದವರು ಎಂದು ಬರೆದಿರುತ್ತದೆ. ನಾನು ಕೇಳಿದೆ. ಮ್ಯಾನೇಜರ್ ತಲೆಯಾಡಿಸಿದ. ಕೋಚ್ ಮಾಫಿ, ಅಂದರೆ ಕೋಚ್ ವೀಸಾ ಇಲ್ಲ. ಖಾಲಿ ಇರುವುದು ಮಸಾಜರ್ ವೀಸಾ ಒಂದೇ. ನಾನು ಬೇರೆ ದಾರಿಯಿಂದ ಬಂದು ಕೇಳಿದೆ, ಟ್ರೈನರ್ ಎಂದಾದರೂ ಆಗಲಿ ಎಂದೆ, ಬೇಕಿದ್ದರೆ ಗಾಡಿ ಬಿಡುತ್ತೇವೆ ಎಂದೆ. ಅವನದು ಅದೇ ಮಾತು.

ಕೋಚ್‌ಗೆ ಕನ್ನಡದಲ್ಲಿ ಹೇಳಿದೆ. “ಕಾರ್ಡ್ ಕಿಸೆಯೊಳಗೆ ಇರುವಂಥದ್ದು. ಯಾರು ನೋಡ್ತಾರೆ? ಮಗಳ ಓದು ನೋಡಿ.”

ಅವರು ಕಿಟಕಿಯಾಚೆ ಟ್ರಾಮ್ ಹೋಗುವುದನ್ನು ನೋಡುತ್ತಾ ಕೂತರು. ಕಪ್ಪಿನಲ್ಲಿ ಕಾಫಿ ಮುಗಿದಿತ್ತು, ಆದರೂ ಅದನ್ನು ಎತ್ತಿ ಬಾಯಿಗಿಟ್ಟು ಕೆಳಗಿಟ್ಟರು. ಆಮೇಲೆ ನನ್ನ ಮುಖ ನೋಡದೆ, “ಹೂಂ ಅನ್ರಿ” ಎಂದರು.

ನನ್ನ ಸಲಹೆಯನ್ನು ಅವರು ಪಾಲಿಸಿದ್ದು ಅದೊಂದೇ ಸಲ.

ಮಗಳ ಓದು ಮುಗಿಯಿತು, ಊರಲ್ಲಿ ಮನೆಯೂ ಎದ್ದಿತು. ಇವತ್ತು ಅದೇ ಮೇಜಿನ ಮುಂದೆ ಕೂರಿಸಿದರೂ ನಾನು ಅದೇ ಮಾತು ಹೇಳುತ್ತೇನೆ. ಹೊಟ್ಟೆಪಾಡು ಮೊದಲು, ಬಿರುದು ಆಮೇಲೆ. ಕ್ಲಬ್ಬಿಗೆ ಸೇರಿದ ಮೇಲೂ ರಜೆಯ ದಿನ ಅವರು ನಜ್ಮಾಕ್ಕೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು. ಕ್ಲಬ್ಬಿನ ಕೋಚ್‌ಗಳ ಕಥೆ ಹೇಳುತ್ತಿದ್ದರು. ದೊಡ್ಡ ದೊಡ್ಡ ದೇಶಗಳಿಂದ ಬರುತ್ತಿದ್ದರಂತೆ, ಒಂದಷ್ಟು ಮ್ಯಾಚ್ ಸೋತ ಕೂಡಲೇ ಪೆಟ್ಟಿಗೆ ಕಟ್ಟುತ್ತಿದ್ದರಂತೆ. ನನ್ನ ವ್ಯಾಪಾರ ಎಷ್ಟು ಗಟ್ಟಿ ಎಂದು ತೋರಿಸಲು ನನಗದು ಒಳ್ಳೆಯ ಸಮಯವಾಗಿ ಕಂಡಿತು. ಎಷ್ಟು ಕೋಚ್‌ಗಳು ಬಂದುಹೋದರು, ನೀವು ಮಾತ್ರ ಇದ್ದಲ್ಲೇ ಇದ್ದೀರಲ್ಲ ಎಂದೆ.

“ಖರೇರೀ,” ಎಂದರು. “ಅವರು ಕೋಚ್ ಆಗಿ ಹೋದ್ರು.”

ಬೇಸರದಿಂದ ಹೇಳಿದ್ದಲ್ಲ. ಮಂಡಿ ಉಜ್ಜಿಕೊಳ್ಳುತ್ತಾ, ಹೊರಗೆ ಇವತ್ತು ಧೂಳು ಜಾಸ್ತಿ ಎನ್ನುವ ಹಾಗೆ ಹೇಳಿದರು...

ಅರವತ್ತು ದಾಟಿದ ಮೇಲೆ ಊರಿಗೆ ಹೋದರು. ವಿಮಾನ ನಿಲ್ದಾಣಕ್ಕೆ ನಾನೇ ಬಿಟ್ಟುಬಂದೆ. ದುಡ್ಡನ್ನು ಎಲ್ಲಿಡಬೇಕು, ನೆಂಟರಿಗೆ ಹೇಗೆ ಇಲ್ಲ ಅನ್ನಬೇಕು ಎಂದು ದಾರಿಯುದ್ದಕ್ಕೂ ಹೇಳಿದೆ, ಅವರು ಪೂರ್ತಿ ಕೇಳಿದರು. ಮೊದಮೊದಲು ಹಬ್ಬಕ್ಕೆ ಫೋನು ಬರುತ್ತಿತ್ತು. ಆಮೇಲೆ ಇಬ್ಬರೂ ನಾಳೆ ಮಾಡೋಣ ಎಂದುಕೊಂಡೆವೋ ಏನೋ...

ಹೋದ ವಾರ ಆ ಗಿರಾಕಿ ಹೋದ ಮೇಲೆ ಹಳೆಯ ನಂಬರ್ ಹುಡುಕಿ ಫೋನ್ ಮಾಡಿದೆ. ಎತ್ತಿದ್ದು ಮಗಳು. ನಾನು ಯಾರೆಂದು ಹೇಳುವ ಮೊದಲೇ ಗುರುತು ಹಿಡಿದಳು. ಅಪ್ಪನ ಫೋನಿನಲ್ಲಿ ನನ್ನ ಹೆಸರು ಇನ್ನೂ ಹಾಗೇ ಇತ್ತಂತೆ. ಅಪ್ಪ ಕಳೆದ ಬೇಸಿಗೆಯಲ್ಲಿ ತೀರಿಕೊಂಡರು ಎಂದಳು. ಮಲಗಿದ್ದವರು ಏಳಲಿಲ್ಲ. ನಿಮಗೆ ತಿಳಿಸಬೇಕಿತ್ತು, ಆ ಗಡಿಬಿಡಿಯಲ್ಲಿ ಆಗಲಿಲ್ಲ ಕಾಕಾ ಎಂದು ಅತ್ತಳು.

ಆಮೇಲೆ ಅವಳೇ ಮಾತು ತೆಗೆದಳು. ಗದಗಿನಲ್ಲಿ ಅವರು ಆಡಿ ಬೆಳೆದ ಶಾಲೆಯ ಪಂದ್ಯಾವಳಿಗೆ ಅಪ್ಪನ ಹೆಸರಿನಲ್ಲಿ ಒಂದು ಕಪ್ ಇಡುತ್ತಿದ್ದಾರಂತೆ.

“ಹೆಸರಿನ ಕೆಳಗ ಏನಂತ ಬರಸಬೇಕು ತಿಳೀವಲ್ದು ಕಾಕಾ. ನಾ ಸಣ್ಣಾಕಿ ಇದ್ದಾಗ ಕೋಚ್ ಅಂತಿದ್ರು. ಕಾರ್ಡ್ ತಗದು ನೋಡಿದ್ರ ಮಸಾಜರ್ ಅಂತ ಐತಿ. ಅಪ್ಪ ಅಲ್ಲಿ ಖರೇ ಏನಾಗಿದ್ರು?”

“ಕಾರ್ಡಿನಲ್ಲಿರುವುದು ನಾನು ವ್ಯಾಪಾರ ಮಾಡಿ ಕೊಡಿಸಿದ್ದು ಮಗಾ,” ಎಂದೆ. “ಕೋಚ್ ಅಂತ ಕರೆದದ್ದು ಅವರ ಹುಡುಗರು. ಅದನ್ನೇ ಬರೆಸುವ.”

ಕಪ್ಪನ್ನು ನಾನೇ ಮಾಡಿಸಿ ಕಳಿಸುತ್ತೇನೆ ಎಂದು ಹೇಳಿ ಫೋನಿಟ್ಟೆ. ನಿನ್ನೆ ಸಿದ್ಧವಾಯಿತು. ಊರಿಗೆ ಹೊರಟವರೊಬ್ಬರು ತೆಗೆದುಕೊಂಡು ಹೋಗುತ್ತಾರೆ. ಅಕ್ಷರ ಕೊರೆಯುವ ನೇಪಾಳಿ ಅವರ ಹೆಸರು ಕೊರೆದ, ಕೆಳಗೆ ಕೋಚ್ ಎಂದು ಕೊರೆದ, ಯಂತ್ರ ನಿಲ್ಲಿಸಿ ನನ್ನ ಕಡೆ ನೋಡಿದ. ಕೆಳಗೆ ತುಂಬ ಜಾಗ ಉಳಿದಿದೆ ಸೇಠ್, ಇನ್ನೇನಾದರೂ ಹಾಕಲೇ ಎಂದು ಕೇಳಿದ. ಇನ್ನೊಂದು ಮಾತು ಸೇರಿಸಲು ನನಗೆ ಯಾವತ್ತೂ ತೊಂದರೆಯಾದದ್ದಿಲ್ಲ.

ಬೇಡ ಎಂದೆ.